ಸೂರ್ಯನ ಎಣಿಕೆ, ಚಕ್ರದ ಎಣಿಕೆ: ಲಾರಿಯ ವಯಸ್ಸು ಮತ್ತು ಅಧಿಕಾರದ ಪ್ರಶ್ನೆ

ಭಾರದ ಸರಕು ಸಾಗಿಸುವ ಲಾರಿಗಳ ಬಳಕೆಯನ್ನು ಅವುಗಳ ವಯಸ್ಸಿನ ಪಕ್ಕದಲ್ಲಿಟ್ಟು ನೋಡಿದರೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಬಗೆಯ ಚಿತ್ರ ಕಾಣುತ್ತದೆ. ಮೊದಲ ಕೆಲವು ವರ್ಷ ಲಾರಿ ಅತಿ ಹೆಚ್ಚು ದೂರ ಓಡುತ್ತದೆ, ಆಮೇಲೆ ವರ್ಷದಿಂದ ವರ್ಷಕ್ಕೆ ಅದರ ಓಟ ಇಳಿಯುತ್ತದೆ, ಕೊನೆಗಾಲದಲ್ಲಿ ಅದು ಒಂದೇ ಊರಿನ ಸುತ್ತಮುತ್ತ ದುಡಿದು ಗುಜರಿಗೆ ಸೇರುತ್ತದೆ. ಸಾರಿಗೆಯ ಅರ್ಥಶಾಸ್ತ್ರಕ್ಕೆ ಇದು ಇಳಿಜಾರಿನ ಒಂದು ರೇಖೆ ಮಾತ್ರ. ಆದರೆ ಭಾರತೀಯ ದರ್ಶನಗಳು ಬಹಳ ಹಿಂದೆಯೇ ಕೈಗೆತ್ತಿಕೊಂಡ ಕೆಲವು ಪ್ರಶ್ನೆಗಳು ಈ ರೇಖೆಯಲ್ಲಿ ಮತ್ತೆ ತಲೆಯೆತ್ತುತ್ತವೆ. ವಸ್ತುವೊಂದು ಹಳೆಯದಾಯಿತು ಎನ್ನುವಾಗ ಆ ಹಳತನ ವಸ್ತುವಿನಲ್ಲಿದೆಯೇ, ಎಣಿಸುವವರ ಬುದ್ಧಿಯಲ್ಲಿದೆಯೇ? ಬಳಕೆ ಕುಗ್ಗಲು ವಯಸ್ಸೇ ಕಾರಣವೇ, ಅಥವಾ ಎರಡರ ನಡುವೆ ಬೇರೇನಾದರೂ ಸೇರಿಕೊಂಡಿದೆಯೇ? ಬಳಕೆ ಕುಗ್ಗಿದ್ದರಿಂದ ವಸ್ತುವಿನ ಯೋಗ್ಯತೆಯೂ ಕುಗ್ಗಿತೆಂದು ತೀರ್ಮಾನಿಸಬಹುದೇ?

ಮೊದಲು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಲಾರಿಗಳ ಬಳಕೆಯ ಬಗ್ಗೆ ದೀರ್ಘಕಾಲ ಲೆಕ್ಕವಿಟ್ಟ ದೇಶಗಳಲ್ಲಿ ಅಮೆರಿಕ ಮುಖ್ಯವಾದುದು. ಅಲ್ಲಿನ ಜನಗಣತಿ ಸಂಸ್ಥೆ 1963ರಲ್ಲಿ ಲಾರಿಗಳ ಸಂಖ್ಯೆ ಮತ್ತು ಬಳಕೆಯ ಸಮೀಕ್ಷೆಯನ್ನು ಆರಂಭಿಸಿತು. 1997ರಲ್ಲಿ ಅದರ ಹೆಸರು ಬದಲಾಯಿತು, 2002ರ ಸುತ್ತಿನ ಬಳಿಕ ಅದು ನಿಂತುಹೋಯಿತು, ಮತ್ತೆ 2021ರ ಸಾಲಿಗೆ ನಡೆಯಿತು. ವಾಹನ ಯಾವ ವರ್ಷದ್ದು, ವರ್ಷಕ್ಕೆ ಎಷ್ಟು ದೂರ ಓಡಿತು, ಏನನ್ನು ಹೊತ್ತಿತು, ತನ್ನ ನೆಲೆಯಿಂದ ಎಷ್ಟು ದೂರ ಹೋಯಿತು ಎಂದು ಮಾಲೀಕರನ್ನೇ ಕೇಳಿ ಪಡೆದ ಉತ್ತರಗಳು ಅದರಲ್ಲಿವೆ. ದೂರಪ್ರಯಾಣದ ಹೊಸ ಲಾರಿಯೊಂದು ವರ್ಷಕ್ಕೆ ಸುಮಾರು 1 ಲಕ್ಷ ಮೈಲಿ, ಎಂದರೆ 1.6 ಲಕ್ಷ ಕಿಲೋಮೀಟರ್ ಓಡುವುದು ಆ ದೇಶದಲ್ಲಿ ಸಾಮಾನ್ಯ. ಕೆಲವು ವರ್ಷ ಕಳೆದು ಮೊದಲ ಮಾಲೀಕ ಅದನ್ನು ಮಾರುತ್ತಾನೆ. ಎರಡನೆಯವನ ಕೈಯಲ್ಲಿ ಅದು ಒಂದೆರಡು ರಾಜ್ಯಗಳೊಳಗೆ ಓಡಾಡುತ್ತದೆ. ಮೂರನೆಯವನ ಕೈಗೆ ಬರುವ ಹೊತ್ತಿಗೆ ಬಂದರಿನಿಂದ ಗೋದಾಮಿಗೆ ಪೆಟ್ಟಿಗೆ ಸಾಗಿಸುವ, ಕಟ್ಟಡದ ಕೆಲಸಕ್ಕೆ ಜಲ್ಲಿ ತರುವ ಅಥವಾ ಸುಗ್ಗಿಯ ಕಾಲದಲ್ಲಷ್ಟೇ ಹೊಲದಿಂದ ಧಾನ್ಯ ಒಯ್ಯುವ ಕೆಲಸ ಅದರ ಪಾಲಿಗೆ ಉಳಿದಿರುತ್ತದೆ.

ಇದಕ್ಕೆ ಕಾರಣ ಖರ್ಚಿನ ಸ್ವರೂಪದಲ್ಲಿದೆ. ಲಾರಿಯ ಖರ್ಚಿನಲ್ಲಿ ಎರಡು ಭಾಗಗಳಿವೆ: ಓಡಿದರೂ ನಿಂತರೂ ತೆರಬೇಕಾದ ಸಾಲದ ಕಂತು, ವಿಮೆ ಮತ್ತು ತೆರಿಗೆ ಒಂದು ಭಾಗ, ಓಡಿದಷ್ಟೇ ಬೀಳುವ ಡೀಸೆಲ್, ಟಯರ್ ಮತ್ತು ರಿಪೇರಿ ಇನ್ನೊಂದು ಭಾಗ. ಹೊಸ ಲಾರಿಯಲ್ಲಿ ಮೊದಲನೆಯದು ದೊಡ್ಡದು, ಎರಡನೆಯದು ಚಿಕ್ಕದು. ಆದಕಾರಣ ಅದು ನಿಂತ ಪ್ರತಿ ದಿನವೂ ಮಾಲೀಕನಿಗೆ ನಷ್ಟ. ಹಳೆಯ ಲಾರಿಯಲ್ಲಿ ಇದು ತಿರುವುಮುರುವಾಗುತ್ತದೆ. ಕಂತು ತೀರಿರುತ್ತದೆ, ಆದರೆ ಪ್ರತಿ ಕಿಲೋಮೀಟರಿನ ಖರ್ಚು ಏರಿರುತ್ತದೆ, ಹಾಗಾಗಿ ಓಡುವುದಕ್ಕಿಂತ ಹೆಚ್ಚು ಹೊತ್ತು ಕಾಯಬೇಕಾಗುವ ಕೆಲಸಗಳಿಗೆ, ಉದಾಹರಣೆಗೆ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬು ಹೊತ್ತು ಸರದಿಯಲ್ಲಿ ನಿಲ್ಲುವ ಕೆಲಸಕ್ಕೆ, ಅದೇ ಹೆಚ್ಚು ಹೊಂದುತ್ತದೆ. ಇದರ ಮೇಲೆ ಭರವಸೆಯ ಮಾತೂ ಇದೆ: ಪರಿಚಯದ ಗ್ಯಾರೇಜಿನಿಂದ 20 ಕಿಲೋಮೀಟರ್ ದೂರದಲ್ಲಿ ಕೆಟ್ಟು ನಿಂತ ಲಾರಿಯಿಂದ ಅರ್ಧ ದಿನ ಹೋಗುತ್ತದೆ, 800 ಕಿಲೋಮೀಟರ್ ದೂರದಲ್ಲಿ ಕೆಟ್ಟು ನಿಂತ ಲಾರಿಯಿಂದ ಸರಕು, ಬಾಡಿಗೆ ಮತ್ತು ಗಿರಾಕಿ ಮೂರೂ ಹೋಗಬಹುದು.

ಭಾರತದಲ್ಲಿ ಈ ಇಳಿಜಾರಿಗೆ ಕಾನೂನಿನ ಮೆಟ್ಟಿಲುಗಳೂ ಇವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 12 ವರ್ಷ ಮೀರಿದ ಸಾಮಾನ್ಯ ಲಾರಿಗೂ 15 ವರ್ಷ ಮೀರಿದ ಬಹು ಆಕ್ಸಲ್ ಲಾರಿಗೂ ನ್ಯಾಷನಲ್ ಪರ್ಮಿಟ್, ಎಂದರೆ ದೇಶದಾದ್ಯಂತ ಸರಕು ಸಾಗಿಸುವ ಪರವಾನಗಿ, ಸಿಗುವುದಿಲ್ಲ. ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿಯಿತು. ನಿನ್ನೆ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಹೋಗಬಹುದಾಗಿದ್ದ ಲಾರಿ ಒಂದು ಹುಟ್ಟುಹಬ್ಬ ಕಳೆದ ಮಾತ್ರಕ್ಕೆ ಇಂದು ಹೋಗಲಾರದು. ಅದರ ಎಂಜಿನ್ನಿನಲ್ಲಿ ಆ ರಾತ್ರಿ ಯಾವ ಬದಲಾವಣೆಯೂ ಆಗಿರುವುದಿಲ್ಲ. ಹಾಗಿದ್ದರೆ ಬದಲಾದದ್ದು ಯಾವುದು?

ಈ ಪ್ರಶ್ನೆಗೆ ವೈಶೇಷಿಕ ದರ್ಶನ ಕೊಡುವ ಉತ್ತರ ಸೂಕ್ಷ್ಮವಾದುದು. ಆ ದರ್ಶನ ಎಣಿಸುವ ಗುಣಗಳಲ್ಲಿ ಪರತ್ವ ಮತ್ತು ಅಪರತ್ವ ಎಂಬ ಎರಡು ಇವೆ. ದೇಶಕ್ಕೆ ಸಂಬಂಧಿಸಿದಾಗ ಅವು ದೂರ ಮತ್ತು ಹತ್ತಿರ, ಕಾಲಕ್ಕೆ ಸಂಬಂಧಿಸಿದಾಗ ಹಿರಿತನ ಮತ್ತು ಕಿರಿತನ. ಒಬ್ಬನು ಇನ್ನೊಬ್ಬನಿಗಿಂತ ಹಿರಿಯನೆಂದರೆ ಸೂರ್ಯನ ಹೆಚ್ಚು ಪರಿಭ್ರಮಣಗಳು ಅವನ ಇರವಿನೊಡನೆ ಕೂಡಿಕೊಂಡಿವೆ ಎಂದು ಅರ್ಥ. ಸೂರ್ಯನ ಚಲನೆ ಸೂರ್ಯನಲ್ಲಿರುತ್ತದೆಯೇ ಹೊರತು ಮನುಷ್ಯನಲ್ಲಿರುವುದಿಲ್ಲ; ಅದನ್ನು ತಂದು ಇವನಿಗೆ ಸಂಬಂಧಿಸಿಕೊಡುವ ದ್ರವ್ಯವೇ ಕಾಲ. ಅಷ್ಟೇ ಅಲ್ಲದೆ ಹಿರಿತನ ಹುಟ್ಟಬೇಕಾದರೆ ಎರಡನ್ನು ಒಟ್ಟಿಗಿಟ್ಟು ಹೋಲಿಸುವ ಬುದ್ಧಿಯೂ ಬೇಕು. ಅದಕ್ಕೆ ಅಪೇಕ್ಷಾಬುದ್ಧಿ ಎಂದು ಹೆಸರು. ಈ ನೆಲೆಯಿಂದ ನೋಡಿದರೆ ನೋಂದಣಿ ಪುಸ್ತಕದಲ್ಲಿರುವ ವಯಸ್ಸು ಲಾರಿಯ ಸ್ಥಿತಿಯ ವರ್ಣನೆಯಲ್ಲ, ಲಾರಿಗೂ ಸೂರ್ಯನಿಗೂ ಇರುವ ಸಂಬಂಧದ ವರ್ಣನೆ. ಕಾನೂನು ಎಣಿಸಿದ್ದು ಸೂರ್ಯನ ಓಟವನ್ನು. ಲಾರಿಯ ಓಟ ಅದರ ಲೆಕ್ಕಕ್ಕೆ ಬರಲಿಲ್ಲ. 2025ರಲ್ಲಿ ದೆಹಲಿ ಸರ್ಕಾರ ಸುಪ್ರೀಂ ಕೋರ್ಟಿನ ಮುಂದೆ ರಾಜಧಾನಿ ಪ್ರದೇಶದ ಆ ನಿರ್ಬಂಧದ ಮರುಪರಿಶೀಲನೆ ಕೋರಿದಾಗ ಎತ್ತಿದ ತಕರಾರಿನ ತಿರುಳೂ ಇದೇ ಆಗಿತ್ತು: ವಾಹನ ನಿಜವಾಗಿ ಎಷ್ಟು ಓಡಿದೆ, ಎಷ್ಟು ಹೊಗೆ ಉಗುಳುತ್ತಿದೆ ಎಂಬುದನ್ನು ನೋಡದೆ ವರ್ಷಗಳನ್ನಷ್ಟೇ ನೋಡುವುದು ಸರಿಯೇ ಎಂದು ಅದು ಕೇಳಿತ್ತು.

ಸೂರ್ಯನ ಎಣಿಕೆ ಸಾಲದೆಂದರೆ ಚಕ್ರದ ಎಣಿಕೆಗೆ ಬರಬೇಕಾಗುತ್ತದೆ. ಅದಕ್ಕೆ ನೆರವಾಗುವ ವಿಚಾರ ಪತಂಜಲಿಯ ಯೋಗಸೂತ್ರಗಳಿಗೆ ವ್ಯಾಸರು ಬರೆದ ಭಾಷ್ಯದಲ್ಲಿದೆ. ಆಯುಸ್ಸನ್ನು ಫಲವಾಗಿ ಕೊಡುವ ಕರ್ಮವನ್ನು ಯೋಗದರ್ಶನ ಎರಡಾಗಿ ವಿಂಗಡಿಸುತ್ತದೆ: ಬೇಗ ಮುಗಿಯುವ ಸೋಪಕ್ರಮ ಕರ್ಮ, ನಿಧಾನವಾಗಿ ಮುಗಿಯುವ ನಿರುಪಕ್ರಮ ಕರ್ಮ. ಇದಕ್ಕೆ ಭಾಷ್ಯಕಾರರು ಒದ್ದೆ ಬಟ್ಟೆಯ ದೃಷ್ಟಾಂತ ಕೊಡುತ್ತಾರೆ. ಹರವಿದ ಬಟ್ಟೆ ಬೇಗ ಒಣಗುತ್ತದೆ, ಅದೇ ಬಟ್ಟೆಯನ್ನು ಮುದ್ದೆಮಾಡಿಟ್ಟರೆ ಒಣಗಲು ಬಹಳ ಹೊತ್ತು ಬೇಕು. ಎರಡರಲ್ಲೂ ನೀರು ಅಷ್ಟೇ, ಆರುವ ವೇಗ ಮಾತ್ರ ಬೇರೆ. ಇಬ್ಬರು ಚಾಲಕರನ್ನಿಟ್ಟುಕೊಂಡು ಹಗಲಿರುಳು ಹೆದ್ದಾರಿಯಲ್ಲಿ ಓಡುವ ಲಾರಿ ಹರವಿದ ಬಟ್ಟೆಯಂತೆ. ಐದಾರು ವರ್ಷಗಳಲ್ಲಿ ಅದು ಮುಗಿಸುವ ಓಟವನ್ನು ಊರೊಳಗಿನ ಲಾರಿ ಇಪ್ಪತ್ತು ವರ್ಷಗಳಿಗೆ ಹಂಚಿಕೊಳ್ಳುತ್ತದೆ. ಅಗ್ನಿಶಾಮಕ ಠಾಣೆಯ ವಾಹನವಂತೂ ಮಡಿಸಿ ಪೆಟ್ಟಿಗೆಯಲ್ಲಿಟ್ಟ ಬಟ್ಟೆಯೇ ಸರಿ. ವರ್ಷಗಳು ಉರುಳಿದರೂ ಅದರ ಚಕ್ರಗಳು ಉರುಳಿರುವುದು ಕಡಿಮೆ.

ಈ ಎರಡು ಎಣಿಕೆಗಳ ನಡುವಿನ ಬಿಕ್ಕಟ್ಟನ್ನು ಅಮೆರಿಕದ ಪರಿಸರ ನಿಯಮಗಳು ಒಪ್ಪಿಕೊಂಡ ಬಗೆ ಗಮನಿಸತಕ್ಕದ್ದು. ಭಾರಿ ಲಾರಿಯ ಡೀಸೆಲ್ ಎಂಜಿನ್ ಎಷ್ಟು ಕಾಲ ಹೊಗೆಯ ಮಿತಿಯನ್ನು ಪಾಲಿಸಬೇಕೆಂದು ಗೊತ್ತುಮಾಡುವಾಗ ಆ ನಿಯಮಗಳು 2004ರ ಮಾದರಿಗಳಿಂದ ಮೂರು ಅಳತೆಗಳನ್ನು ಒಟ್ಟಿಗೆ ಇಟ್ಟವು: 10 ವರ್ಷ, 4,35,000 ಮೈಲಿ (ಸುಮಾರು 7 ಲಕ್ಷ ಕಿಲೋಮೀಟರ್) ಅಥವಾ 22,000 ಗಂಟೆ, ಇವುಗಳಲ್ಲಿ ಯಾವುದು ಮೊದಲೋ ಅದು. ಸೂರ್ಯನದು ಒಂದು ಲೆಕ್ಕ, ಚಕ್ರದ್ದು ಇನ್ನೊಂದು, ಎಂಜಿನ್ನಿನದು ಮತ್ತೊಂದು. ಮೂರನೆಯದು ಬೇಕಾದುದೇಕೆಂದರೆ ಲಾರಿ ನಿಂತಲ್ಲೇ ನಿಂತು ಎಂಜಿನ್ ಉರಿಯುತ್ತಿರುವಾಗ ಚಕ್ರದ ಎಣಿಕೆ ಏನನ್ನೂ ಹೇಳುವುದಿಲ್ಲ. ಈ ಮೂರನ್ನೂ ಸೇರಿಸಿದರೂ ಅಳತೆ ಪೂರ್ಣವಾಗದು. ಮಿತಿಮೀರಿದ ಭಾರ ಹೊತ್ತು ಘಟ್ಟ ಹತ್ತಿದ ಒಂದು ಸಾವಿರ ಕಿಲೋಮೀಟರಿಗೂ ಬಯಲುಸೀಮೆಯ ನೇರ ರಸ್ತೆಯಲ್ಲಿ ಸಾಗಿದ ಒಂದು ಸಾವಿರ ಕಿಲೋಮೀಟರಿಗೂ ಸಂಖ್ಯೆ ಒಂದೇ ಆದರೂ ಸವೆತ ಒಂದೇ ಅಲ್ಲ.

ಇನ್ನು ಕಾರಣದ ಪ್ರಶ್ನೆ. ಹಳೆಯ ಲಾರಿ ಕಡಿಮೆ ಓಡುತ್ತದೆ ಎಂಬುದನ್ನು ಕಂಡವರು, ಹಳೆಯದಾದುದರಿಂದಲೇ ಅದು ಕಡಿಮೆ ಓಡುತ್ತದೆ ಎಂದು ಊಹಿಸುವುದು ಸಹಜ. ಇಂಥ ಊಹೆಯನ್ನು ಪರೀಕ್ಷಿಸಲು ನ್ಯಾಯದರ್ಶನ ಉಪಾಧಿ ಎಂಬ ಪರಿಕಲ್ಪನೆಯನ್ನು ರೂಪಿಸಿದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ನಿಜ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಬೆಂಕಿಗೆ ಹಸಿ ಸೌದೆಯ ಸಂಪರ್ಕವಾದಾಗ ಮಾತ್ರ ಹೊಗೆ ಏಳುತ್ತದೆ. ಈ ಹಸಿ ಸೌದೆಯೇ ಉಪಾಧಿ. ಹೊಗೆಯಿರುವ ಕಡೆಯೆಲ್ಲ ಅದು ಇರುತ್ತದೆ, ಬೆಂಕಿಯಿರುವ ಕಡೆಯೆಲ್ಲ ಇರಬೇಕಾಗಿಲ್ಲ. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಸಾಧಿಸಬೇಕಾದುದನ್ನು ವ್ಯಾಪಿಸಿದ್ದು ಸಾಧನವನ್ನು ವ್ಯಾಪಿಸದೆ ಇರುವುದು ಉಪಾಧಿ. ಅದು ಸಿಕ್ಕಿತೆಂದರೆ ಆ ಅನುಮಾನ ಬಿದ್ದಂತೆ.

ಲಾರಿಯ ವಿಷಯದಲ್ಲಿ ಉಪಾಧಿ ಹುಡುಕುವುದು ಕಷ್ಟವಲ್ಲ. ಸಿದ್ಧ ಕಾಂಕ್ರೀಟನ್ನು ಕಲಸುತ್ತ ಒಯ್ಯುವ ಲಾರಿ ಹೊಸದಾಗಿದ್ದಾಗಲೂ ಕಡಿಮೆ ದೂರವನ್ನೇ ಓಡುತ್ತದೆ, ಏಕೆಂದರೆ ಕಾಂಕ್ರೀಟು ಗಟ್ಟಿಯಾಗುವ ಮೊದಲು ಮುಟ್ಟಬಹುದಾದಷ್ಟೇ ಅದರ ಲೋಕ. ಇನ್ನೊಂದು ಕಡೆ ಚೆನ್ನಾಗಿ ನೋಡಿಕೊಂಡ ಹಳೆಯ ಲಾರಿಗೆ ದೂರದ ಬಾಡಿಗೆ ಸಿಕ್ಕರೆ ಅದು ದೂರವನ್ನೇ ಓಡುತ್ತದೆ. ಕಡಿಮೆ ಓಟ ಕಂಡಲ್ಲೆಲ್ಲ ಇರುವುದು ಹತ್ತಿರದ ಕೆಲಸಕ್ಕೆ ಒಪ್ಪಿಸಲ್ಪಟ್ಟಿರುವಿಕೆ. ಹಳತನವಿದ್ದಲ್ಲೆಲ್ಲ ಅದು ಇರುವುದಿಲ್ಲ. ಹಸಿ ಸೌದೆಯ ಸ್ಥಾನದಲ್ಲಿ ನಿಲ್ಲುವುದು ಈ ಒಪ್ಪಿಸುವಿಕೆ. ಸಮೀಕ್ಷೆಯ ಅಂಕಿಗಳಲ್ಲಿ ಮತ್ತೊಂದು ಮರೆಯೂ ಇದೆ. ಇಪ್ಪತ್ತು ವರ್ಷದ ಲಾರಿಗಳ ಸರಾಸರಿ ಓಟವನ್ನು ಅಳೆಯುವಾಗ ಅಳತೆಗೆ ಸಿಗುವುದು ಇಪ್ಪತ್ತು ವರ್ಷ ಉಳಿದುಕೊಂಡ ಲಾರಿಗಳು ಮಾತ್ರ. ಅತಿ ಹೆಚ್ಚು ದುಡಿದವು ಎಂದೋ ಗುಜರಿ ಅಂಗಡಿಯಲ್ಲಿ ತುಂಡುತುಂಡಾಗಿ ಹೋಗಿವೆ. ಮೊದಲಿನಿಂದಲೂ ಕಡಿಮೆ ಓಡಿದ್ದರಿಂದಲೇ ಉಳಿದವು ಉಳಿದಿವೆ. ಆಗ ವಯಸ್ಸಾದುದರಿಂದ ಓಟ ಇಳಿಯಿತು ಎಂಬ ಮಾತಿನಷ್ಟೇ, ಓಟ ಕಡಿಮೆಯಿದ್ದುದರಿಂದ ಇಷ್ಟು ವಯಸ್ಸಾಗಲು ಸಾಧ್ಯವಾಯಿತು ಎಂಬ ಮಾತೂ ನಿಜವಾಗುತ್ತದೆ. ಒಂದೇ ಲಾರಿಯನ್ನು ವರ್ಷವರ್ಷವೂ ಹಿಂಬಾಲಿಸಿ ನೋಡದ ಹೊರತು ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾಗದು.

ಹಾಗೆ ಹಿಂಬಾಲಿಸುವಾಗಲೂ ಒಂದೇ ಲಾರಿ ಎನ್ನುವುದರ ಅರ್ಥವೇನೆಂಬ ತೊಡಕು ಎದುರಾಗುತ್ತದೆ. ಮಿಲಿಂದಪಞ್ಹ ಎಂಬ ಪಾಲಿ ಗ್ರಂಥದಲ್ಲಿ ಭಿಕ್ಷು ನಾಗಸೇನನು ರಾಜ ಮಿಲಿಂದನಿಗೆ ರಥದ ದೃಷ್ಟಾಂತದಿಂದ ತಿಳಿಹೇಳಿದ್ದು ಪ್ರಸಿದ್ಧವಾಗಿದೆ: ಗಾಲಿ, ಅಚ್ಚು, ಮೂಕಿ ಇವುಗಳಲ್ಲಿ ಯಾವುದೂ ರಥವಲ್ಲ, ಇವುಗಳ ಕೂಟಕ್ಕೆ ವ್ಯವಹಾರದಲ್ಲಿಟ್ಟ ಹೆಸರೇ ರಥ. ಹದಿನೈದು ವರ್ಷದ ಲಾರಿಯಲ್ಲಿ ಹದಿನೈದು ವರ್ಷದ್ದಾಗಿ ಉಳಿದಿರುವುದು ಬಹಳವಿಲ್ಲ. ಎಂಜಿನ್ನನ್ನು ಬಿಚ್ಚಿ ಕಟ್ಟಲಾಗಿರುತ್ತದೆ, ಟಯರುಗಳು ಹಲವು ಸಲ ಬದಲಾಗಿ ಅವುಗಳಲ್ಲೂ ಕೆಲವಕ್ಕೆ ಮೇಲಿನ ರಬ್ಬರು ಹೊಸದಾಗಿ ಕೂತಿರುತ್ತದೆ, ಮರದ ಬಾಡಿ ಬಿಚ್ಚಿ ಹೊಸದು ಕಟ್ಟಲಾಗಿರುತ್ತದೆ. ಒಂದೊಂದು ಅಂಗಕ್ಕೂ ಒಂದೊಂದು ವಯಸ್ಸು. ಇವೆಲ್ಲದರ ನಡುವೆ ಕಾನೂನು ನಂಬುವುದು ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು. ನೋಂದಣಿಗೆ ಅದೇ ಆತ್ಮವಿದ್ದಂತೆ. ಬೌದ್ಧ ದೃಷ್ಟಿ ಇದನ್ನು ಅನುಕೂಲಕ್ಕೆ ಮಾಡಿಕೊಂಡ ಸಂಕೇತವೆಂದು ಒಪ್ಪುತ್ತದೆಯೇ ಹೊರತು, ಆ ಸಂಖ್ಯೆಗೆ ವಯಸ್ಸಾಯಿತೆಂದರೆ ಕೂಟಕ್ಕೂ ವಯಸ್ಸಾಯಿತೆಂದು ಒಪ್ಪುವುದಿಲ್ಲ.

ಹಳತನ ಸೂರ್ಯನ ಎಣಿಕೆಯಲ್ಲಿ ಪೂರ್ತಿಯಾಗಿ ಸಿಗಲಿಲ್ಲ, ಚಕ್ರದ ಎಣಿಕೆಯಲ್ಲೂ ಸಿಗಲಿಲ್ಲ, ಅಂಗಗಳ ಕೂಟದಲ್ಲಿ ಹುಡುಕಿದರೆ ಹಲವು ವಯಸ್ಸುಗಳಾಗಿ ಒಡೆದುಹೋಯಿತು. ಕೈಯಲ್ಲಿ ಉಳಿದದ್ದು ನ್ಯಾಯದ ಪರೀಕ್ಷೆಯಲ್ಲಿ ಕಂಡ ಒಪ್ಪಿಸುವಿಕೆ, ಎಂದರೆ ಯಾವ ಕೆಲಸವನ್ನು ಯಾರಿಗೆ ವಹಿಸಬಹುದೆಂಬ ನಿರ್ಣಯ. ಈ ನಿರ್ಣಯವನ್ನೇ ಮುಖ್ಯ ವಿಷಯವಾಗಿ ಮಾಡಿಕೊಂಡ ಶಾಸ್ತ್ರ ಪೂರ್ವಮೀಮಾಂಸೆ. ಕರ್ಮವೊಂದನ್ನು ಮಾಡಲು ಒಬ್ಬನಿಗಿರುವ ಅರ್ಹತೆಯನ್ನು ಅದು ಅಧಿಕಾರ ಎಂದು ಕರೆಯುತ್ತದೆ. ಫಲದ ಬಯಕೆ, ಮಾಡುವ ಸಾಮರ್ಥ್ಯ, ಬೇಕಾದ ತಿಳಿವು ಮತ್ತು ನಿಷೇಧವಿಲ್ಲದಿರುವುದು ಅದರ ಲಕ್ಷಣಗಳು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯ ಈ ಅಧಿಕಾರದ ವಿಚಾರಕ್ಕೇ ಮೀಸಲಾಗಿದೆ. ಅದರ ಮೂರನೆಯ ಪಾದದಲ್ಲಿ ಬರುವ ಒಂದು ವಿವೇಚನೆ ಪ್ರಸ್ತುತಕ್ಕೆ ಬಹಳ ಹತ್ತಿರವಾದುದು. ಮಳೆ, ಸಂತಾನ, ಸ್ವರ್ಗ ಮುಂತಾದ ಫಲವನ್ನು ಬಯಸಿ ಮಾಡುವ ಕಾಮ್ಯಕರ್ಮದಲ್ಲಿ ಒಂದು ಅಂಗ, ಎಂದರೆ ಪ್ರಧಾನ ಕ್ರಿಯೆಗೆ ಪೂರಕವಾದ ಒಂದು ಕ್ರಿಯೆ, ತಪ್ಪಿದರೂ ಫಲ ಸಿಗದು. ಆದ್ದರಿಂದ ಎಲ್ಲ ಅಂಗಗಳನ್ನೂ ಪೂರೈಸಬಲ್ಲವನಿಗೆ ಮಾತ್ರ ಅದರಲ್ಲಿ ಅಧಿಕಾರ. ಜೀವಮಾನವಿಡೀ ಬಿಡದೆ ಮಾಡಬೇಕಾದ ನಿತ್ಯಕರ್ಮದಲ್ಲಾದರೋ ಪ್ರಧಾನವನ್ನು ಬಿಡದೆ, ಅಂಗಗಳನ್ನು ಶಕ್ತಿಯಿದ್ದಷ್ಟು ನಡೆಸಿದರೆ ಸಾಕು. ಇದಕ್ಕೆ ಯಥಾಶಕ್ತಿನ್ಯಾಯವೆಂದು ಹೆಸರು.

ದೂರದ ನಗರಕ್ಕೆ ಇಂತಿಷ್ಟು ಗಂಟೆಗೆ ಮುಟ್ಟಲೇಬೇಕೆಂಬ ಕರಾರಿನ ಮೇಲೆ ಹೊರಡುವ ಲೋಡು ಕಾಮ್ಯಕರ್ಮದ ಜಾತಿಯದು. ಅಲ್ಲಿ ಒಂದು ರೇಡಿಯೇಟರ್ ಪೈಪು ಒಡೆದರೂ ಇಡೀ ಪ್ರಯಾಣದ ಫಲ ಕೆಡುತ್ತದೆ, ಹಾಗಾಗಿ ಸರ್ವಾಂಗಸಂಪನ್ನವಾದ ವಾಹನಕ್ಕೆ ಮಾತ್ರ ಅಲ್ಲಿ ಅಧಿಕಾರ. ಊರಿನ ಕ್ವಾರಿಯಿಂದ ಜಲ್ಲಿ, ಗೂಡಿನಿಂದ ಇಟ್ಟಿಗೆ, ಗದ್ದೆಯಿಂದ ಕಬ್ಬು ತರುವ ಕೆಲಸ ನಿತ್ಯದ ಜಾತಿಯದು. ಇಂದು ಎರಡು ಟ್ರಿಪ್ಪಿನ ಬದಲು ಒಂದೇ ಆದರೂ ಕೆಲಸ ನಡೆಯುತ್ತದೆ, ನಾಳೆ ಮುಂದುವರಿಯುತ್ತದೆ, ವೇಗ ಕುಂದಿದರೂ ಆಗುತ್ತದೆ. ಲಾರಿಯ ವಯಸ್ಸಿನೊಡನೆ ಬಳಕೆ ಇಳಿಯುತ್ತದೆ ಎಂದು ರೇಖೆ ತೋರಿಸುವುದು ಬಹುಮಟ್ಟಿಗೆ ಈ ದಾಟುವಿಕೆಯನ್ನು: ಲೋಪವನ್ನು ಸಹಿಸದ ಕೆಲಸದಿಂದ ಲೋಪವನ್ನು ಸಹಿಸಿಕೊಳ್ಳುವ ಕೆಲಸದ ಕಡೆಗೆ ವಾಹನ ಸರಿದುಕೊಂಡಿದೆ. ನಿತ್ಯವು ಕಾಮ್ಯಕ್ಕಿಂತ ಕೀಳೆಂದು ಮೀಮಾಂಸೆ ಹೇಳದಿರುವಂತೆ, ಕಿಲೋಮೀಟರು ಕಡಿಮೆಯಾದುದರಿಂದ ಲಾರಿಯ ಯೋಗ್ಯತೆಯೂ ಅಷ್ಟೇ ಕಡಿಮೆಯಾಯಿತೆಂದು ಹೇಳಲು ಆಧಾರವಿಲ್ಲ. ಹಳೆಯ ಲಾರಿಗಳು ಒಂದೇ ದಿನ ಮಾಯವಾದರೆ ಕಟ್ಟಡದ ಕೆಲಸವೂ ಕಬ್ಬಿನ ಸುಗ್ಗಿಯೂ ಹೇಗೆ ನಡೆಯಬೇಕೆಂದು ಯೋಚಿಸಿದರೆ ಈ ಮಾತಿನ ತೂಕ ತಿಳಿಯುತ್ತದೆ.

ಆದರೂ ಯಥಾಶಕ್ತಿ ಎಂಬ ಮಾತು ಸೋಮಾರಿತನಕ್ಕೂ ಲೋಭಕ್ಕೂ ಆಸರೆಯಾಗಬಾರದು. ಮೀಮಾಂಸೆಯೇ ಇದಕ್ಕೆ ಎರಡು ಬೇಲಿಗಳನ್ನು ಹಾಕಿದೆ. ಮೊದಲನೆಯದು, ಬಿಡಬಹುದಾದುದು ಅಂಗವೇ ಹೊರತು ಪ್ರಧಾನವಲ್ಲ. ಲಾರಿಯಲ್ಲಿ ಬಣ್ಣ, ವೇಗ ಮತ್ತು ಡೀಸೆಲಿನ ಮಿತವ್ಯಯ ಅಂಗಗಳಾಗಬಹುದು, ಬ್ರೇಕು, ಸ್ಟಿಯರಿಂಗು ಮತ್ತು ದೀಪಗಳು ಆಗಲಾರವು. ಎರಡನೆಯದು, ವಿಧಿಗೆ ಯಥಾಶಕ್ತಿಯ ರಿಯಾಯಿತಿ ಇರುವಂತೆ ನಿಷೇಧಕ್ಕೆ ಇಲ್ಲ. ಹಿಂಸಿಸಬಾರದೆಂಬ ನಿಷೇಧವನ್ನು ಶಕ್ತಿಯಿದ್ದಷ್ಟು ಪಾಲಿಸುತ್ತೇನೆಂದು ಹೇಳುವುದಕ್ಕೆ ಅರ್ಥವಿಲ್ಲ. ಹಳೆಯ ಲಾರಿ ತಡವಾಗಿ ಬಂದರೆ ಅದರ ನಷ್ಟ ಮಾಲೀಕನದು, ಅದನ್ನು ಅವನು ಒಪ್ಪಿಕೊಂಡಿದ್ದಾನೆ. ಅದು ಹೊಗೆ ಉಗುಳಿದರೆ, ಇಳಿಜಾರಿನಲ್ಲಿ ನಿಲ್ಲದೆ ಹೋದರೆ, ಅದರ ಫಲವನ್ನು ಉಣ್ಣುವವರು ಯಾವ ಒಪ್ಪಂದಕ್ಕೂ ಸಹಿ ಹಾಕಿದವರಲ್ಲ.

ಇಲ್ಲಿ ಇಳಿಯುವ ರೇಖೆ ಮರೆಸುವ ಸಂಗತಿಯೊಂದಿದೆ. ಲಾರಿಗೆ ವಯಸ್ಸಾದಂತೆ ಅದು ಓಡುವ ದೂರ ಕಡಿಮೆಯಾಗುತ್ತದೆ ನಿಜ, ಆದರೆ ಉಳಿದ ದೂರವನ್ನು ಅದು ಓಡುವುದು ಮನೆಗಳ, ಶಾಲೆಗಳ, ಸಂತೆಗಳ ನಡುವೆ. ಹೊಸ ಲಾರಿಯ ಹೊಗೆ ನಿರ್ಜನ ಹೆದ್ದಾರಿಯಲ್ಲಿ ಚದರಿಹೋಗುತ್ತದೆ. ಹಳೆಯ ಲಾರಿಯದು ಓಣಿಯ ಉಸಿರಿಗೆ ಸೇರುತ್ತದೆ. ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳ ಸುತ್ತ ಆದುದು ಇದೇ. ಅಲ್ಲಿ ಕಂಟೇನರ್ ಸಾಗಿಸುವ ಕೆಲಸ ಹಳೆಯ ಲಾರಿಗಳ ಕೊನೆಯ ನೆಲೆಯಾಗಿ, ನೆರೆಯ ಬಡಾವಣೆಗಳು ಡೀಸೆಲ್ ಹೊಗೆಯಲ್ಲಿ ಬದುಕಬೇಕಾಯಿತು. 2008ರ ಅಕ್ಟೋಬರ್ 1ರಿಂದ 1989ಕ್ಕಿಂತ ಹಿಂದಿನ ಲಾರಿಗಳನ್ನು ಆ ಬಂದರುಗಳು ಒಳಬಿಡಲಿಲ್ಲ. ಮುಂದಿನ ಹಂತಗಳಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. ಗಾಳಿ ತಿಳಿಯಾಯಿತು, ಆದರೆ ಹೊಸ ಲಾರಿ ಕೊಳ್ಳುವ ಸಾಲದ ಹೊರೆ ಅನೇಕ ಚಾಲಕರ ಹೆಗಲಿಗೆ ಬಿತ್ತು. ಸೂರ್ಯನ ಎಣಿಕೆಗೆ ಇಂಥ ಸಂದರ್ಭದಲ್ಲಿ ಒಂದು ಸಮರ್ಥನೆ ಸಿಗುತ್ತದೆ. ತಯಾರಾದ ವರ್ಷ ಆ ಕಾಲದ ಎಂಜಿನ್ ಯಾವ ಮಾನದಂಡಕ್ಕೆ ಒಳಪಟ್ಟಿತ್ತೆಂಬುದನ್ನು ಹೇಳುತ್ತದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಂದ, ಬಿಎಸ್ 6 ಎಂಬ ಹೊಗೆ ಮಾನದಂಡದ ಲಾರಿಗೂ ಅದಕ್ಕೆ ಹಿಂದಿನದಕ್ಕೂ ಇರುವ ಅಂತರ ಸವೆತದ ಅಂತರವಲ್ಲ, ಹುಟ್ಟಿನ ಅಂತರ. ಅಷ್ಟರ ಮಟ್ಟಿಗೆ ವರ್ಷವನ್ನು ನೋಡುವುದು ಕುರುಡುತನವಲ್ಲ.

ವರ್ಷಕ್ಕೆ ಸಲ್ಲತಕ್ಕ ಸ್ಥಾನ ಯಾವುದೆಂಬುದಕ್ಕೆ ಭಾರತದ ಅದೇ ನಿಯಮಗಳಲ್ಲಿ ಇನ್ನೊಂದು ಮಾದರಿ ಇದೆ. ಲಾರಿಯವರು ಎಫ್‌ಸಿ ಎಂದು ಕರೆಯುವ ಅರ್ಹತಾ ಪತ್ರವನ್ನು ಎಂಟು ವರ್ಷದವರೆಗಿನ ವಾಹನ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ವಾಹನ ವರ್ಷಕ್ಕೊಮ್ಮೆ ಹೊಸದು ಮಾಡಿಸಿಕೊಳ್ಳಬೇಕು. ಪರ್ಮಿಟ್ಟಿನ ನಿಯಮದಲ್ಲಿ ಪಂಚಾಂಗವೇ ಉತ್ತರ ಕೊಡುತ್ತದೆ. ಎಫ್‌ಸಿಯ ನಿಯಮದಲ್ಲಿ ಅದು ಎಷ್ಟು ಸಲ ಕೇಳಬೇಕೆಂದು ಹೇಳಿ ಸುಮ್ಮನಾಗುತ್ತದೆ, ಉತ್ತರವನ್ನು ವಾಹನವೇ ತನ್ನ ಬ್ರೇಕಿನಿಂದ, ಹೊಗೆಯಿಂದ, ದೀಪದಿಂದ ಕೊಡಬೇಕಾಗುತ್ತದೆ. ಹಳತನವೆಂದರೆ ಸಾಮರ್ಥ್ಯ ಇಲ್ಲವಾಯಿತೆಂಬ ತೀರ್ಪಲ್ಲ, ಸಾಮರ್ಥ್ಯದ ಬಗ್ಗೆ ಸಂಶಯಕ್ಕೆ ಎಡೆ ಹೆಚ್ಚಾಯಿತೆಂಬ ಸೂಚನೆ ಎಂದು ತಿಳಿದುಕೊಂಡವರು ಬರೆದಂತಿರುವ ನಿಯಮವಿದು. ತಪಾಸಣೆ ಪ್ರಾಮಾಣಿಕವಾಗಿ ನಡೆದರೆ ಮಾತ್ರ ಅದಕ್ಕೆ ಬೆಲೆ; ನೋಡದೆ ಹಾಕಿದ ಮುದ್ರೆ ಸೂರ್ಯನ ಎಣಿಕೆಗಿಂತಲೂ ಕುರುಡು. ಸಂಶಯವಿದ್ದಲ್ಲಿ ಪರೀಕ್ಷೆ, ಪರೀಕ್ಷೆಯ ಬಳಿಕ ನಿರ್ಣಯ ಎಂಬುದು ನ್ಯಾಯದರ್ಶನ ಹಾಕಿಕೊಟ್ಟ ಕ್ರಮ. ಹಳೆಯ ಲಾರಿಗೂ ಅದರ ದಾರಿಯಲ್ಲಿ ಬದುಕುವವರಿಗೂ ಆ ಕ್ರಮದಲ್ಲೇ ನ್ಯಾಯ ಸಲ್ಲುತ್ತದೆ.